ಅಪ್ಪನ ಸ್ಟಾಂಪುಗಳಿಗೆ ಅಜ್ಜಿಯ ಅರಿಷಿಣ

ಹಿರಿಯೂರಿನ ನಮ್ಮ ಮಣ್ಣಿನ ಮಾಳಿಗೆ ಮನೆಯ ನಡುಮನೆಗೆ ಕಿಟಕಿ ಇರಲಿಲ್ಲ. ಬಾಗಿಲು ತೆಗೆದರೆ ಬೆಳಕು, ಹಾಕಿದರೆ ಕತ್ತಲು, ಅಷ್ಟೇ ಅಲ್ಲಿನ ಏರ್ಪಾಡು. ಒಂದು ಮೂಲೆಗೆ ರಾಗಿ ತುಂಬಿದ ವಾಡೆ, ಇನ್ನೊಂದು ಮೂಲೆಗೆ ಅಜ್ಜಿಯ ಟ್ರಂಕು, ಒಳಗೋಡೆಗೆ ಒತ್ತಿ ಹಾಕಿದ ಹಳೇ ಮಂಚ. ಆ ಮಂಚದ ಮೇಲೆ ಅಪ್ಪ ಗೋಡೆಗೆ ಮುಖ ಹಾಕಿಕೊಂಡು ಮಲಗಿದ್ದ ತಿಂಗಳುಗಳನ್ನು ಬಿಟ್ಟು ನನ್ನ ಬಾಲ್ಯದ ಬಗ್ಗೆ ಏನು ಬರೆದರೂ ಅದು ಅರ್ಧ ಸುಳ್ಳು. ನಮ್ಮ ಮನೆಯ ಹಬ್ಬ, ಊಟ, ಜಗಳ ಎಲ್ಲವೂ ನನಗೆ ನೆನಪಾಗುವುದು ಆ ಮಂಚವನ್ನು ಬಳಸಿಕೊಂಡೇ. ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನಿರಾಳವಾಗಿ ಉಸಿರಾಡಬಹುದು.

ಅಪ್ಪ ಊರಿನ ಶೇಂಗಾ ಮಂಡಿಯೊಂದರಲ್ಲಿ ರೈಟರ್ ಆಗಿದ್ದ. ಧರ್ಮಪುರದ ಕಡೆಯಿಂದ ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದ ಚೀಲಗಳನ್ನು ಇಳಿಸಿಕೊಳ್ಳುವುದು, ತೂಗಿಸುವುದು, ದೂರದೂರಿನ ವ್ಯಾಪಾರಿಗಳಿಗೆ ಕಾಗದ ಬರೆಯುವುದು ಅವನ ಕೆಲಸ. ಹಮಾಲರ ಗದ್ದಲದ ನಡುವೆ ಕೂಗಿ ಕೂಗಿ ಅವನ ಗಂಟಲು ಮಂಡಿಯ ಅಳತೆಗೇ ಬೆಳೆದುಬಿಟ್ಟಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯ ಆ ತುದಿಗೆ ಗೊತ್ತಾಗುತ್ತಿತ್ತು. ಅಂಥ ಮನುಷ್ಯ ಒಂದು ಮಧ್ಯಾಹ್ನ ಮಂಡಿಯಿಂದ ಬೇಗ ಬಂದ, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ, ಮಲಗಿದ. ಮಾರನೆಯ ದಿನ ಏಳಲಿಲ್ಲ. ಅದರ ಮಾರನೆಯ ದಿನವೂ ಏಳಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಮೈಯಲ್ಲಿ ಎಲ್ಲೂ ನೋವಿಲ್ಲ. ಬಚ್ಚಲಿಗೆ ಹೋಗಿ ಬರುತ್ತಿದ್ದ, ಬಲವಂತ ಮಾಡಿದರೆ ಎರಡು ತುತ್ತು ಮುದ್ದೆ ನುಂಗುತ್ತಿದ್ದ, ಮತ್ತೆ ಗೋಡೆಗೆ ತಿರುಗುತ್ತಿದ್ದ. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಈಗಿನವರಾದರೆ ಅದಕ್ಕೊಂದು ಹೆಸರು ಹೇಳುತ್ತಾರೆ, ಮಾತ್ರೆ ಬರೆದುಕೊಡುತ್ತಾರೆ. ಆಗ ನಮ್ಮ ಡಾಕ್ಟರು ಸ್ಟೆತಾಸ್ಕೋಪು ಮಡಚಿ, "ಏನೂ ಇಲ್ಲಮ್ಮ, ಟಾನಿಕ್ ಕುಡಿಸಿ" ಅಂದು ಎದ್ದುಹೋದರು.

ಬಂದ ನೆಂಟರ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಬ್ಬೊಬ್ಬರೇ ಬರುವುದು, ಮಂಚದ ಅಂಚಿಗೆ ಕೂರುವುದು, ಮಲಗಿದವನ ಬೆನ್ನಿಗೆ ಬುದ್ಧಿ ಹೇಳುವುದು, ಅಮ್ಮ ಕೊಟ್ಟ ಕಾಫಿ ಕುಡಿದು ಹೋಗುವುದು. ಪಕ್ಕದ ಮನೆಯ ಗೌರಕ್ಕ ಮಾತ್ರ ಕಾಫಿ ಕುಡಿದ ಮೇಲೂ ಹೋಗುತ್ತಿರಲಿಲ್ಲ.

"ಗಾಳಿ ಸೋಕೈತೆ ಕಣಮ್ಮ ಪಾರ್ವತಿ. ಸಂಜೆ ಹೊತ್ನಾಗೆ ಹೊಳೆ ದಂಡೆ ಕಡೆಗೆ ಹೋಗಿದ್ರೇನು?"

"ಅವ್ರು ಮಂಡಿ ಬಿಟ್ಟು ಎಲ್ಲಿಗೂ ಹೋಗಿಲ್ಲ ಗೌರಕ್ಕ. ಸೋಕಿದ್ರೆ ಶೇಂಗಾ ಧೂಳು ಸೋಕಿರ್ಬೇಕು," ಅನ್ನುತ್ತಿದ್ದಳು ಅಮ್ಮ.

ಅಮ್ಮನ ನಾಲಿಗೆಯೂ ಚುರುಕೇ. ಆದರೆ ಅಡುಗೆ ಮನೆಗೆ ಹೋಗಿ ಅವಳು ಸೆರಗು ಬಾಯಿಗೆ ಒತ್ತಿಕೊಳ್ಳುವುದನ್ನು ನಾನು ನೋಡಿದ್ದೆ. ಅಜ್ಜಿ, ಅಂದರೆ ಅಪ್ಪನ ತಾಯಿ, ಅಳುತ್ತಿರಲಿಲ್ಲ. ಅವಳು ಮಗನಿಗೆ ತಾಯತ ಕಟ್ಟಿದಳು, ಮಠದಿಂದ ವಿಭೂತಿ ತಂದು ಹಣೆಗೆ ಬಳಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ನಾವೆಲ್ಲ ಕೆಮ್ಮಿ ಸತ್ತೆವು, ಅಪ್ಪ ಮಾತ್ರ ಕೆಮ್ಮಲಿಲ್ಲ. ಮನೆಯಲ್ಲಿ ಎಲ್ಲರೂ ಪಿಸುಮಾತಿಗೆ ಇಳಿದಿದ್ದೆವು. ನನಗೆ ಶಾಲೆಯಿಂದ ಮನೆಗೆ ಬರಲು ಕಾಲೇ ಬರುತ್ತಿರಲಿಲ್ಲ.

ಯುಗಾದಿಗೆ ಸುಣ್ಣ ಬಳಿಯಲು ಅಮ್ಮ ಅಟ್ಟದ ಸಾಮಾನು ಇಳಿಸುತ್ತಿದ್ದಾಗ ಆ ತಗಡಿನ ಬಿಸ್ಕತ್ತು ಡಬ್ಬಿ ಸಿಕ್ಕಿತು. ಅದರ ತುಂಬ ಹಳೇ ಸ್ಟಾಂಪು. ಮಂಡಿಗೆ ಬರುತ್ತಿದ್ದ ಲಕೋಟೆಗಳ ಮೂಲೆ ಹರಿದು ಅಪ್ಪ ಚಿಕ್ಕಂದಿನಿಂದ ಅದರೊಳಗೆ ಹಾಕುತ್ತ ಬಂದಿದ್ದನಂತೆ, ಅವನ ಅಪ್ಪನೂ ಅದೇ ಮಂಡಿಯಲ್ಲಿ ಇದ್ದವನು. ಪುರುಸೊತ್ತಾದಾಗ ನೋಡೋಣ ಅಂತ ಇಟ್ಟದ್ದು, ಪುರುಸೊತ್ತು ಆಗಿರಲಿಲ್ಲ. ಅಟ್ಟದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು ಹಪ್ಪಳವಾಗಿದ್ದವು. ಶೇಂಗಾ ಎಣ್ಣೆಯ ಕೈಯಿಂದ ಆದ ಜಿಡ್ಡಿನ ಕಲೆ, ಜಿರಳೆಯ ಹೇಲು, ಕೆಲವಂತೂ ಕಂದುಗಟ್ಟಿ ಯಾವ ಬಣ್ಣದ್ದು ಅಂತಲೇ ತಿಳಿಯದು. ಅಮ್ಮ ಡಬ್ಬಿ ಹಿಡಿದು ಮಂಚದ ಹತ್ತಿರ ನಿಂತಳು.

"ಏನ್ರಿ, ಈ ಕಸ ನೀರೊಲೆಗೆ ಹಾಕ್ಲಾ?"

ಬೆನ್ನು ಅಲುಗಲಿಲ್ಲ.

"ಮಂಗ್ಳಾ, ತಗಂಡೋಗಿ ಒಲೆಗಾಕು. ನಿಮ್ಮಪ್ಪಗೆ ಬೇಕಿಲ್ವಂತೆ."

ನಾನು ಡಬ್ಬಿ ಹಿಡಿದು ಬಚ್ಚಲಿನ ಕಡೆ ಹೊರಟೆ. ಅಮ್ಮ ನನ್ನನ್ನು ನೋಡುತ್ತಿರಲಿಲ್ಲ, ಮಂಚವನ್ನೇ ನೋಡುತ್ತಿದ್ದಳು.

"ಬ್ಯಾಡ," ಅಂದ ಅಪ್ಪ.

ಗೋಡೆಯ ಕಡೆಗೇ ಅಂದ. ಆದರೂ ಅಂದ. ಅಮ್ಮ ಸದ್ದಿಲ್ಲದೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವನ ಬೆನ್ನಿನ ಪಕ್ಕ ಇಟ್ಟು ಸುಣ್ಣ ಬಳಿಯಲು ಹೋದಳು. ಮಧ್ಯಾಹ್ನದ ಹೊತ್ತಿಗೆ ನಡುಮನೆಯಿಂದ ತಗಡಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅಮ್ಮ, ಅಜ್ಜಿ, ನಾನು ಮೂವರೂ ಮಾಡುತ್ತಿದ್ದ ಕೆಲಸ ಬಿಟ್ಟು ಕಲ್ಲಾಗಿ ನಿಂತೆವು. ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗು ಬಂತು. ಕೂಗೂ ಅಲ್ಲ, ಮುಲುಗು.

"ಲೇ ಮಂಗ್ಳಿ, ಒಂದ್ ತಟ್ಟೆನಾಗೆ ಉಗುರ್ಬೆಚ್ಚಗೆ ನೀರು ತಗಂಬಾ. ಚಿಟಿಕೆ ಉಪ್ಪಾಕು."

ನೀರಿಗೆ ಉಪ್ಪು ಹಾಕಿದರೆ ಸ್ಟಾಂಪಿನ ಬಣ್ಣ ಬಿಡುವುದಿಲ್ಲ ಅನ್ನುವುದು ನಾನು ಅಪ್ಪನಿಂದ ಕಲಿತ ಮೊದಲ ಪಾಠ. ಮೊದಮೊದಲು ಮಂಚದ ಮೇಲೇ ಕೆಲಸ, ಆಮೇಲೆ ಬೆಳಕು ಸಾಲದೆ ಬಾಗಿಲ ಹತ್ತಿರ, ಆಮೇಲೆ ಹಿತ್ತಲಿನ ನುಗ್ಗೆ ಮರದ ಕೆಳಗೆ. ಸ್ಟಾಂಪಿಗೆ ಬೆಳಕು ಬೇಕಾದದ್ದರಿಂದ ಅಪ್ಪ ಬೆಳಕಿಗೆ ಬಂದ. ಲಕೋಟೆಯ ಕಾಗದ ನೀರಿನಲ್ಲಿ ತಾನಾಗಿ ಬಿಡುವವರೆಗೆ ಕಾಯಬೇಕು, ಉಗುರು ಹಾಕಿ ಎಬ್ಬಿಸಬಾರದು. ಬಿಟ್ಟ ಮೇಲೆ ಚಿಮಟದಲ್ಲಿ ಎತ್ತಬೇಕು. ಚಿಮಟಕ್ಕೆ ನಮ್ಮಲ್ಲಿ ಬರವಿಲ್ಲ, ಜಾಲಿ ಮುಳ್ಳಿನ ಸೀಮೆಯಲ್ಲಿ ಮುಳ್ಳು ಕೀಳುವ ಚಿಮಟ ಇಲ್ಲದ ಮನೆ ಯಾವುದು? ಎಣ್ಣೆ ಜಿಡ್ಡಿನ ಮೇಲೆ ಅಮ್ಮನ ಮುಖದ ಪೌಡರು ಉದುರಿಸಿ, ಮೇಲೆ ಕಾಗದ ಹಾಸಿ, ಬೀಸುವ ಕಲ್ಲು ಹೇರಿ ಇಡುತ್ತಿದ್ದ. ಬೆಳಿಗ್ಗೆ ತೆಗೆದರೆ ಪೌಡರು ಎಣ್ಣೆ ಕುಡಿದಿರುತ್ತಿತ್ತು. ಅದಕ್ಕೂ ಬಗ್ಗದ ಕಲೆಗೆ ಗಡಿಯಾರ ರಿಪೇರಿಯವನಿಂದ ಸೀಸೆಯ ತಳದಷ್ಟು ಬಿಳಿ ಪೆಟ್ರೋಲು. ಅಂಚೆಯ ಮುದ್ರೆಯನ್ನು ಮಾತ್ರ ಅಳಿಸುತ್ತಿರಲಿಲ್ಲ. ಗೌರಕ್ಕ ಬೇಲಿಯ ಮೇಲಿಂದ ಇಣುಕಿ, ತೊಳೆದ ಸ್ಟಾಂಪು ಮತ್ತೆ ಅಂಟಿಸಿದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಅಂತ ಅಮ್ಮನಿಗೆ ಹೇಳಿದ್ದಳು.

ನನ್ನ ಜೀವಮಾನದಲ್ಲಿ ನೋಡಿದ ಮೊದಲ ಮಾಯೆ ನನ್ನದೇ ಕಿವಿಯ ಔಷಧಿಯಿಂದ ಆಯಿತು. ನನಗೆ ಆಗಾಗ ಕಿವಿ ಸೋರುತ್ತಿತ್ತು, ಅದಕ್ಕೆ ಬಿಡುವ ನೊರೆ ಔಷಧಿಯ ಕಂದು ಸೀಸೆ ಗೂಡಿನಲ್ಲಿತ್ತು. ಕಂದುಗಟ್ಟಿದ ಒಂದು ಸ್ಟಾಂಪನ್ನು ಅಪ್ಪ ತಟ್ಟೆಯ ಮೇಲಿಟ್ಟು, ಅಜ್ಜಿ ಹೊಸೆದಿಟ್ಟ ಹೂಬತ್ತಿಯನ್ನು ಆ ಔಷಧಿಯಲ್ಲಿ ಅದ್ದಿ ಮೆಲ್ಲಗೆ ಸವರಿದ. ನಾನು ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದೆ. ಸುಟ್ಟ ಬೆಲ್ಲದ ಬಣ್ಣದ್ದು ನೋಡನೋಡುತ್ತಿದ್ದಂತೆ ಮೂಲೆಯಿಂದ ಕಿತ್ತಳೆಯಾಗುತ್ತ ಬಂತು. ಮೊದಲು ಒಂದು ಕಿವಿ, ಆಮೇಲೆ ಕೆನ್ನೆ, ಕಿರೀಟ. ಒಬ್ಬ ರಾಜ ನನ್ನ ಕಿವಿಯ ಔಷಧಿಯಿಂದ ಎದ್ದು ಕೂತ.

"ಅಪ್ಪಾ! ಇದು ಹೆಂಗಾತು?"

"ಗಾಳಿನಾಗಿನ ಹೊಗೆಗೆ ಕಪ್ಪಾಗಿತ್ತು ಕಣೇ. ಬಣ್ಣ ಒಳಗೆ ಇದ್ದೇ ಇತ್ತು."

ಅದು ತಾ, ಇದು ತಾ ಅನ್ನುವುದನ್ನು ಬಿಟ್ಟರೆ ಅದು ಆ ತಿಂಗಳುಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು. ನಾನು ಓಡಿಹೋಗಿ ಅಮ್ಮನಿಗೆ ಒಪ್ಪಿಸಿದೆ. ಅಮ್ಮ ರೊಟ್ಟಿ ತಟ್ಟುತ್ತಿದ್ದವಳು, "ಇನ್ನೇನಂದ್ರು? ಇನ್ನೇನಂದ್ರು?" ಅಂತ ಕೇಳಿ ಕೇಳಿ ರೊಟ್ಟಿ ಕರಕಲು ಮಾಡಿದಳು. ದೊಡ್ಡವಳಾಗಿ ನಾನು ಚಿತ್ರದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಮ್ಮ ಆದದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ನುಗ್ಗೆ ಮರದ ಕೆಳಗಿನ ತಟ್ಟೆಯಿಂದ.

ಈಗ ಅಜ್ಜಿಯ ವಿಷಯ. ಅಜ್ಜಿಗೆ ಎಂಜಲೆಂದರೆ ಆಗದು. ನಮ್ಮವರಿಗೆ ಎಂಜಲ ಸೂತಕವಿಲ್ಲ ಅಂತ ಮಠದಲ್ಲಿ ಸ್ವಾಮಿಗಳು ಹೇಳುವಾಗ ಮುಂದಿನ ಸಾಲಿನಲ್ಲಿ ಕೂತು ಹೌದು ಹೌದು ಅಂತ ತಲೆಯಾಡಿಸುತ್ತಿದ್ದಳು, ಮನೆಗೆ ಬಂದು ತನ್ನ ಲೋಟ ಬೇರೆ ಗೂಡಿನಲ್ಲಿ ಇಡುತ್ತಿದ್ದಳು. ಸ್ಟಾಂಪನ್ನು ಜನ ನಾಲಿಗೆಗೆ ಸವರಿ ಅಂಟಿಸುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು. ಹಾಗಾಗಿ ಆ ಡಬ್ಬಿ ಅವಳ ಪಾಲಿಗೆ ಊರೂರಿನ ಎಂಜಲಿನ ಡಬ್ಬಿ. ನೆನೆಸುವ ತಟ್ಟೆ ಬೇರೆಯಾಗಬೇಕು, ಆ ನೀರು ಗಿಡಕ್ಕೆ ಹಾಕಬಾರದು, ಅಪ್ಪ ಮುಟ್ಟಿದ ಕೈ ತೊಳೆಯದೆ ಒಳಗೆ ಬರಬಾರದು. ಇದೆಲ್ಲ ನಮಗೆ ನಗೆಪಾಟಲು. ಆದರೆ ಒಂದು ದಿನ ಅವಳು ಅಮ್ಮನ ಹತ್ತಿರ ಬೇರೆಯೇ ಮಾತಾಡಿದ್ದು ನನ್ನ ಕಿವಿಗೆ ಬಿತ್ತು.

"ಪಾರ್ವತಿ, ಆ ಕಾಗದ ಬರ್ದೋರು ಎಷ್ಟ್ ಜನ ಇನ್ನ ಬದುಕವ್ರೆ ಹೇಳು. ಸತ್ತೋರ ಎಂಜಲು ಅದು. ಅದನ್ನ ಮನೆನಾಗೆ ಇಕ್ಕಂಡಿದ್ದಕ್ಕೇ ನನ್ ಮಗ ಹಿಂಗಾದ ಅನ್ನಿಸ್ತೈತೆ."

"ಅತ್ತೆಮ್ಮ, ಅದನ್ನ ಕೈಗೆ ತಗಂಡ್ಮ್ಯಾಲೇ ಅಲ್ವೇನ್ರಿ ಎದ್ದು ಕುಂತಿದ್ದು? ಸುಮ್ಕಿರ್ರಿ."

"ಎದ್ದ ನಿಜ. ಅದ್ಕೇ ಇನ್ನೂ ಭಯ ಕಣೇ. ಕೊಟ್ಟಿದ್ದನ್ನ ಅದೇ ಕಿತ್ಕಂಬೋದಲ್ಲ."

ಭಯ ಅಮ್ಮನಿಗೂ ಇತ್ತು. ಅಪ್ಪ ಎದ್ದಿದ್ದ, ಆದರೆ ಗಟ್ಟಿಯಾಗಿ ಎದ್ದಿರಲಿಲ್ಲ. ಸ್ಟಾಂಪು ಬಿಟ್ಟರೆ ಮಾತಿಲ್ಲ, ಯಾರಾದರೂ ಬಂದರೆ ಒಳಗೆ ಹೋಗಿ ಮಲಗುತ್ತಿದ್ದ. ಒಂದು ಸ್ಟಾಂಪು ಹರಿದುಹೋದ ದಿನ ಸಂಜೆಯವರೆಗೆ ಮತ್ತೆ ಗೋಡೆಗೆ ತಿರುಗಿದ್ದ. ಮಂಚ ಅಲ್ಲೇ ಇತ್ತು, ಗೋಡೆ ಅಲ್ಲೇ ಇತ್ತು. ಅವನು ಮತ್ತೆ ಅಲ್ಲಿಗೆ ಹೋದರೆ ಈ ಸಲ ಎಬ್ಬಿಸುವುದಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ಡಬ್ಬಿ ಇರಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಗಡ್ಡ ಸವರಿಕೊಂಡು, "ಕ್ಷೌರಕ್ಕೆ ಹೋಗ್ಬರ್ತೀನಿ," ಅಂದ. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಮುಂಬಾಗಿಲ ಹೊಸಲು ದಾಟುತ್ತಿದ್ದ. ತನಗೆ ಬಹಳ ಇಷ್ಟವಾದ ಸ್ಟಾಂಪುಗಳನ್ನೆಲ್ಲ ಆರಿಸಿ, ಕಿತ್ತಳೆ ರಾಜನನ್ನೂ ಸೇರಿಸಿ, ಕೊನೆಯ ಸಲದ ತೊಳೆತಕ್ಕೆ ತಟ್ಟೆಯ ನೀರಿನಲ್ಲಿ ಹಾಕಿಟ್ಟು ಹೊರಟ. ಅಮ್ಮ ಬಾಗಿಲಲ್ಲಿ ನಿಂತು ಅವನು ಬೀದಿಯ ತಿರುವು ದಾಟುವವರೆಗೆ ನೋಡಿದಳು, ನಾನೂ ನೋಡಿದೆ. ಹಿಂದೆ ಹಿತ್ತಲಿನಲ್ಲಿ ಅಜ್ಜಿ ಏನು ಮಾಡುತ್ತಿದ್ದಳು ಅನ್ನುವ ಕಡೆ ನಮ್ಮಿಬ್ಬರಿಗೂ ಗಮನವಿರಲಿಲ್ಲ. ಅವಳು ಸ್ನಾನ, ಪೂಜೆ ಮುಗಿಸಿ ಬಂದವಳು ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಅರಿಷಿಣ ನೀರಿಗೆ ಹಾಕಿ, ಬೆರಳಲ್ಲಿ ಕದಡಿ, ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದಳು. ಅಂಗಡಿಯ ಪುಡಿಯಲ್ಲ, ಮನೆಯಲ್ಲೇ ಕುಟ್ಟಿದ ಕೊಂಬು.

ನಾನು ಚೀರಿದೆ. ಅಮ್ಮ ಓಡಿಬಂದಳು.

"ಅಯ್ಯೋ ಅತ್ತೆಮ್ಮ, ಏನ್ ಮಾಡಿದ್ರಿ!"

"ಶುದ್ಧ ಮಾಡ್ದೆ ಕಣೇ. ಇನ್ಮ್ಯಾಲೆ ಅವ್ನು ಮುಟ್ಟಿದ್ರೆ ಏನೂ ಆಗಲ್ಲ."

ಅಮ್ಮ ಸ್ಟಾಂಪುಗಳನ್ನು ಎತ್ತಿ ಬೇರೆ ನೀರಿಗೆ ಹಾಕಿದಳು. ಎತ್ತಿನ ಗಾಡಿ, ಅಣೆಕಟ್ಟು, ವಿಮಾನ, ರಾಜ, ಎಲ್ಲರೂ ಮದುವೆಯ ಮನೆಯಲ್ಲಿ ಮಿಂದವರ ಹಾಗೆ ಹಳದಿ. ಎಷ್ಟು ನೀರು ಬದಲಿಸಿದರೂ ಹಳದಿ. ನಾನು ಕಿವಿಯ ಔಷಧಿಗೆ ಓಡಿದೆ, ಸೀಸೆಯ ತಳದಲ್ಲಿ ವಾಸನೆ ಮಾತ್ರ ಉಳಿದಿತ್ತು. ಆಗ ಅಮ್ಮ ಗಾಬರಿಯಲ್ಲಿ ಮಾಡಬಾರದ ಕೆಲಸ ಮಾಡಿದಳು. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ತಂದು ತಟ್ಟೆಗೆ ಸುರಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿಯೆಲ್ಲ ರಕ್ತ ಚೆಲ್ಲಿದ ಹಾಗೆ ಕೆಂಪಾಯಿತು.

"ಆರತಿ ನೀರಾತಲ್ಲೇ!" ಅಂದಳು ಅಜ್ಜಿ, ಎದೆಗೆ ಕೈ ಇಟ್ಟುಕೊಂಡು.

ಅರಿಷಿಣಕ್ಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ ಅನ್ನುವುದು ಆರತಿ ಎತ್ತುವ ಎಲ್ಲ ಹೆಂಗಸರಿಗೂ ಗೊತ್ತು, ಅಮ್ಮನಿಗೂ ಗೊತ್ತು. ಸೋಡಾ ಸುಣ್ಣದ ತಂಗಿ ಅನ್ನುವುದು ಆ ಹೊತ್ತಿಗೆ ಯಾರಿಗೆ ಹೊಳೆಯಬೇಕು? ಮುಂದೆ ನಾನು ಮಕ್ಕಳಿಗೆ ಅರಿಷಿಣದ ಕಾಗದದ ಮೇಲೆ ಸೋಪಿನ ನೀರು ಬಿಟ್ಟು ಕೆಂಪು ಮಾಡಿ ತೋರಿಸುವಾಗ ತರಗತಿಯೆಲ್ಲ ಚಪ್ಪಾಳೆ ತಟ್ಟುತ್ತಿತ್ತು, ನಾನು ಮಾತ್ರ ಪ್ರತಿ ವರ್ಷ ಆ ಕಾಗದವನ್ನು ಬೇಗ ಎತ್ತಿಟ್ಟುಬಿಡುತ್ತಿದ್ದೆ. ಅಮ್ಮ ನಿಂಬೆಹಣ್ಣು ಹಿಂಡಿದಳು. ಕೆಂಪು ಹೋಯಿತು. ಹಳದಿ, ನಾನೆಲ್ಲಿ ಹೋಗಿದ್ದೆ ಅನ್ನುವ ಹಾಗೆ, ಬಂದು ಕೂತಿತು. ನಾವು ಮೂವರೂ ತಟ್ಟೆಯ ಸುತ್ತ ಕುಕ್ಕರಿಸಿ ಕೂತಿದ್ದಾಗ ಹಿಂದೆ ಚಪ್ಪಲಿಯ ಸದ್ದಾಯಿತು.

ಅಪ್ಪ ನಿಂತಿದ್ದ. ಗಡ್ಡ ಬೋಳಿಸಿದ ಮುಖ, ಕೆನ್ನೆಯ ಮೇಲೆ ಪಟಿಕದ ಬಿಳಿ. ಎಷ್ಟು ತಿಂಗಳ ಮೇಲೆ ನೋಡಿದ ಮುಖ ಅದು! ಚೆನ್ನಾಗಿ ಕಾಣುತ್ತಿದ್ದ, ಸ್ವಲ್ಪ ನಗುತ್ತಲೂ ಇದ್ದ. ನಗು ಹಾಗೇ ಇದ್ದಂತೆ ಕಣ್ಣು ತಟ್ಟೆಯ ಮೇಲೆ ಇಳಿಯಿತು. ಅಜ್ಜಿ ಎದ್ದು ನಿಂತಳು.

"ನಾನೇ ಕಣಪ್ಪ ಹಾಕಿದ್ದು. ಒಳ್ಳೇದಾಗ್ಲಿ ಅಂತ."

ಅಪ್ಪ ಬಗ್ಗಿ, ಹಳದಿಯಾದ ರಾಜನನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದ. ಒಳಗೆ ಹೋದ. ಮಂಚ ಕಿರುಗುಟ್ಟಿದ ಸದ್ದು ಹಿತ್ತಲಿಗೂ ಕೇಳಿಸಿತು.

ನನಗೆ ಬೈಯುವವರನ್ನು ಕಂಡರೆ ಯಾವತ್ತೂ ಹೆದರಿಕೆಯಿಲ್ಲ. ನನ್ನ ಹೆಡ್‌ಮೇಷ್ಟ್ರು ಬೈದಿದ್ದಾರೆ, ಅತ್ತೆ ಬೈದಿದ್ದಾರೆ, ಗಂಡನಂತೂ ಬೈಯದ ದಿನವಿಲ್ಲ, ನಾನೂ ಬಿಟ್ಟವಳಲ್ಲ. ಆದರೆ ಮಾತಾಡುತ್ತಿದ್ದವರು ಸುಮ್ಮನಾದರೆ ನನಗೆ ಹೆದರಿಕೆ. ಈಗಲೂ ಫೋನಿನಲ್ಲಿ ಮಗಳು ಒಂದು ಗಳಿಗೆ ಮೌನವಾದರೆ, "ಏನಾತೇ? ಬೈಯಾದಿದ್ರೆ ಬೈದುಬಿಡೇ," ಅಂತ ಕಿರುಚುತ್ತೇನೆ. ಅವಳು ನೆಟ್‌ವರ್ಕ್ ಇಲ್ಲಮ್ಮ ಅನ್ನುತ್ತಾಳೆ. ಅವಳಿಗೆ ಆ ದಿನದ ನಮ್ಮ ಮನೆ ಹೇಗೆ ಗೊತ್ತಾಗಬೇಕು? ಅಪ್ಪ ಊಟಕ್ಕೆ ಏಳಲಿಲ್ಲ. ಅಮ್ಮ ತಟ್ಟೆ ತೆಗೆದುಕೊಂಡು ಹೋಗಿ, ಹಾಗೇ ವಾಪಸು ತಂದಳು. ಅಜ್ಜಿ ಒಲೆಯ ಮುಂದೆ ಕೂತವಳು ಕದಲಲಿಲ್ಲ, ನೀರನ್ನೂ ಮುಟ್ಟಲಿಲ್ಲ.

"ನಾನೇ ನನ್ ಮಗನ್ನ ಗೋಡೆಗೆ ತಿರುಗಿಸ್ದೆ," ಅಂದಳು ಒಂದೇ ಸಲ. ಆಮೇಲೆ ಅತ್ತಳು. ನಾನು ಹುಟ್ಟಿದ ಮೇಲೆ ಅವಳು ಅತ್ತದ್ದನ್ನು ನೋಡಿದ್ದು ಆವತ್ತೇ.

ಅಮ್ಮನಿಗೆ ಅತ್ತೆಯ ಮೇಲೆ ಸಿಟ್ಟಿತ್ತು, ಇರಬೇಕಾದದ್ದೇ. ಆದರೆ ಅತ್ತೆ ಅಳುವುದನ್ನು ನೋಡಿದ ಮೇಲೆ ಆ ಸಿಟ್ಟು ಇಟ್ಟುಕೊಳ್ಳಲು ಅವಳಿಗೆ ಆಗಲಿಲ್ಲ. ಅಜ್ಜಿಯ ಪಕ್ಕ ಕೂತು, ಸೆರಗಿನಿಂದ ಅವಳ ಮುಖ ಒರೆಸಿದಳು. ಹಾಗೆ ಒರೆಸುವಾಗ ಅಜ್ಜಿಯ ಕೈಯಿಂದ ಕೆನ್ನೆಗೆ ಮೆತ್ತಿಕೊಂಡಿದ್ದ ಅರಿಷಿಣ ಅಮ್ಮನ ತಿಳಿ ಬಣ್ಣದ ಸೆರಗಿಗೆ ಹತ್ತಿತು. ಅಮ್ಮ ಅದನ್ನು ನೋಡಿದಳು, ಅಜ್ಜಿ ಅದನ್ನು ನೋಡಿದಳು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಿಸ್ಲು!" ಅಂದರು ಇಬ್ಬರೂ ಒಟ್ಟಿಗೆ.

ಬಟ್ಟೆಗಾದ ಅರಿಷಿಣದ ಕಲೆಯನ್ನು ಬಿಸಿಲಿಗೆ ಹಾಕಿ ತೆಗೆಯುವುದು ಹಬ್ಬಹಬ್ಬಕ್ಕೂ ಮಾಡುವ ಕೆಲಸ. ಗಾಬರಿಯಲ್ಲಿ ಅದು ಯಾರಿಗೂ ನೆನಪಾಗಿರಲಿಲ್ಲ ಅಷ್ಟೇ. ಮಾರನೆಯ ದಿನ ಬಿಸಿಲೇರುತ್ತಲೇ ಏಣಿ ಹಾಕಿ ಮಾಳಿಗೆ ಹತ್ತಿದೆವು. ಯುಗಾದಿ ಕಳೆದ ಹಿರಿಯೂರಿನ ಬಿಸಿಲು ಅಂದರೆ ಹಪ್ಪಳ ಹಾಕಿ ತಿರುಗುವಷ್ಟರಲ್ಲಿ ಒಣಗಿರುತ್ತದೆ. ಗಾಳಿಯೂ ಹಾಗೇ, ಬಿಟ್ಟರೆ ಸ್ಟಾಂಪುಗಳು ಪಕ್ಕದೂರು ಆದಿವಾಲಕ್ಕೆ ಹೋಗಿ ಬೀಳುತ್ತಿದ್ದವು. ಒಗೆದ ಪಂಚೆಯ ಮೇಲೆ ಒಂದೊಂದಾಗಿ ಒದ್ದೆ ಸ್ಟಾಂಪು ಹಾಸಿದೆವು. ಮೇಲೆ ಮುಚ್ಚಲು ಗಾಜು ಬೇಕಿತ್ತು. ಅಜ್ಜಿ ಕೆಳಗಿಳಿದು ಹೋದವಳು, ಪಡಸಾಲೆಯಲ್ಲಿ ದಿನಾ ತಾನೇ ಹೂ ಏರಿಸುತ್ತಿದ್ದ ತಾತನ ಫೋಟೋದ ಗಾಜು ಕಳಚಿಕೊಂಡು ಬಂದಳು. ಎಂಜಲಿನ ಸ್ಟಾಂಪುಗಳ ಮೇಲೆ ತನ್ನ ಕೈಯಾರೆ ಅದನ್ನು ಮುಚ್ಚಿದಳು.

"ಅತ್ತೆಮ್ಮ, ಮಾವನೋರ ಗಾಜು..."

"ಅವ್ರ ಮಗನಿಗೇ ಅಲ್ವೇನೇ. ಸುಮ್ಕಿರು."

ಬಿಸಿಲು ನೆತ್ತಿಗೆ ಬಂದಾಗ ಮೂವರೂ ಸೆರಗು, ಲಂಗ ತಲೆಗೆ ಹೊದ್ದು ಗಾಜಿನ ಸುತ್ತ ಓಡಾಡುತ್ತಿದ್ದೆವು. ನಾನು ಬಗ್ಗಿ ನೋಡಿದರೆ ಎತ್ತಿನ ಗಾಡಿಯ ಸುತ್ತಣ ಕಾಗದ ಬೆಳ್ಳಗಾಗುತ್ತಿತ್ತು. ಹೌದೋ ಅಲ್ಲವೋ ಅಂತ ನಂಬಿಕೆ ಬರದೆ ಮೂವರೂ ಮೂರು ಕಡೆಯಿಂದ ಬಗ್ಗಿದೆವು. ಬೆಳ್ಳಗೇ ಆಗುತ್ತಿತ್ತು. ನಾನು ಕುಣಿದೆ. ಮಣ್ಣಿನ ಮಾಳಿಗೆಯ ಮೇಲೆ ಕುಣಿದರೆ ಕೆಳಗೆ ಮಲಗಿದವರ ಮೇಲೆ ಮಣ್ಣು ಉದುರುತ್ತದೆ ಅನ್ನುವುದನ್ನು ಮೂವರೂ ಮರೆತಿದ್ದೆವು. ಏಣಿ ಅಲುಗಿತು. ಮೊದಲು ತಲೆ ಕಾಣಿಸಿತು. ಕೂದಲ ತುಂಬ ಮಣ್ಣು, ಹುಬ್ಬಿನ ಮೇಲೆ ಮಣ್ಣು, ನಿನ್ನೆ ಬೋಳಿಸಿದ ಕೆನ್ನೆಯ ಮೇಲೆ ಮಣ್ಣು. ಅಪ್ಪ ಮಾಳಿಗೆಗೆ ಕಾಲಿಟ್ಟು, ನಮ್ಮನ್ನು ನೋಡಿದ, ಗಾಜಿನ ಕೆಳಗೆ ಸುಡುಬಿಸಿಲಿನಲ್ಲಿ ಮಲಗಿದ್ದ ತನ್ನ ಸ್ಟಾಂಪುಗಳನ್ನು ನೋಡಿದ.

"ಯಾರ್ರೇ ಇದು! ಯಾರ್ ಮಾಡಿದ್ದು ಈ ಕೆಲ್ಸ!"

ನುಗ್ಗೆ ಮರದ ಕಾಗೆಗಳೆಲ್ಲ ಹಾರಿದವು.

"ಸ್ಟಾಂಪ್ನ ಯಾರಾನ ಬಿಸ್ಲಿಗೆ ಹಾಕ್ತಾರೇನ್ರೇ! ಬಣ್ಣ ಹಾರೋಗಲ್ವ? ತಲ್ಯಾಗೇನೈತೆ ನಿಮ್ಗೆ, ಶೇಂಗಾ ಸಿಪ್ಪೆನಾ? ಲೇ ಮಂಗ್ಳಿ, ನಿಂಗಾದ್ರೂ ಹೇಳಿಕೊಟ್ಟಿದ್ನಲ್ಲೇ, ನೀನೂ ಸೇರ್ಕಂಡು ಕುಣೀತೀಯ? ಪಾರ್ವತಿ, ನಿಂಗೆ ಬುದ್ಧಿ ಬ್ಯಾಡ್ವ? ಅವ್ವಾ, ನಿನ್ನ ಏನಂತ ಬೈಲಿ ನಾನು? ಒಂದಿನ ಅರಿಷಿಣ ಹಾಕ್ತೀಯ, ಒಂದಿನ ಬಿಸ್ಲಿಗೆ ಹಾಕ್ತೀಯ, ನಾಳೆ ಒಗ್ಗರಣೆನೂ ಹಾಕ್ತೀಯೇನು?"

ಬೈಯುತ್ತಲೇ ಗಾಜು ಎತ್ತಿದ. ಬೈಯುತ್ತಲೇ ರಾಜನನ್ನು ಎತ್ತಿ ನೆರಳಿಗೆ ಹಿಡಿದು ನೋಡಿದ. ಅರಿಷಿಣ ಹೆಚ್ಚುಕಡಿಮೆ ಹೋಗಿತ್ತು, ಕಿತ್ತಳೆ ಹಾಗೇ ಉಳಿದಿತ್ತು. ಒಂದು ಹಸಿರು ಅಣೆಕಟ್ಟು ಮಾತ್ರ ಸೊರಗಿತ್ತು, ಅದಕ್ಕೆ ಬೇರೆ ಬೈದ. ಒಂದೊಂದನ್ನೇ ಎತ್ತುವುದು, ನೋಡುವುದು, ಬೈಯುವುದು. ಆ ಗಂಟಲು, ಆ ಮಂಡಿಯ ಗಂಟಲು, ಅಷ್ಟೂ ತಿಂಗಳು ಎಲ್ಲಿ ಅಡಗಿತ್ತೋ! ಅಮ್ಮ ಬೆನ್ನು ತಿರುಗಿಸಿ ನಿಂತಿದ್ದಳು, ಅವಳ ಹೆಗಲು ಕುಲುಕುತ್ತಿತ್ತು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ನನಗೆ ಬೈಸಿಕೊಳ್ಳುತ್ತ ನಿಂತಲ್ಲೇ ಹಸಿವಾಯಿತು. ಕೆಳಗೆ ಬೀದಿಯಲ್ಲಿ ಗೌರಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು.

"ಏನ್ ಅಜ್ಜಮ್ಮ ಅದು ಜಗ್ಳ? ಬೀದಿಗೆಲ್ಲ ಕೇಳಾಂಗೆ!"

ಅಜ್ಜಿ ಮಾಳಿಗೆಯ ಅಂಚಿಗೆ ಬಂದಳು. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿ ಕಿವಿಯವರೆಗೆ ಹರಿದಿತ್ತು.

"ಜಗ್ಳ ಅಲ್ಲ ಕಣೇ ಗೌರಿ, ನನ್ ಮಗ ಬೈತಾ ಅವ್ನೆ!" ಅಂತ ಬೀದಿಗೆಲ್ಲ ಸಾರಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಬೈಯಪ್ಪ, ಇನ್ನೂ ಬೈಯಿ. ಗಂಟ್ಲು ಒಣಗಿದ್ರೆ ಮಜ್ಜಿಗೆ ತರ್ತೀನಿ," ಅಂದಳು.

ಅಪ್ಪ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ಶುರು ಮಾಡಿದ.